ತಿಂಗಳು ತಪ್ಪಿದರೆ ಸುಮ್ಮನಿರಬೇಡಿ

ನನ್ನಿವಾಳದ ಹೆಣ್ಣುಮಕ್ಕಳೇ, ಇದು ಮುಟ್ಟಿನ ಮಾತು. ನಾಚಿಕೊಂಡು ಎದ್ದು ಹೋಗಬೇಡಿ, ಕೂತು ಕೇಳಿ.

ನಮ್ಮ ಸೀಮೆಯ ಹಲವು ಹಟ್ಟಿಗಳಲ್ಲಿ ಹೊರಗಾದ ಹೆಂಗಸರು ಊರಾಚೆ ದಿನ ಕಳೆಯುವ ಕಟ್ಟಳೆ ಇದೆ. ಅದಕ್ಕೇ ಎರಡು ಮೂರು ತಿಂಗಳು ಮುಟ್ಟು ಬಾರದಿದ್ದರೆ, ಹೊರಗೆ ಕೂರುವುದು ತಪ್ಪಿತಲ್ಲ ಎಂದು ಹಿಗ್ಗುವ ಹುಡುಗಿಯರಿದ್ದಾರೆ. ಮುಟ್ಟಾದವಳ ಮೇಲೆ ಊರೇ ಕಣ್ಣಿಡುತ್ತದೆ. ಮುಟ್ಟು ನಿಂತವಳನ್ನು ಕೇಳುವವರಿಲ್ಲ. ಕೇಳಬೇಕಾದದ್ದು ಅವಳನ್ನೇ.

ಹೀಗೆ ಮುಟ್ಟು ತಪ್ಪುವುದಕ್ಕೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಕಾರಣವಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದಿದೆ. ಬಹಳಷ್ಟು ಜನಕ್ಕೆ ಅದು ತಮಗಿರುವುದೇ ತಿಳಿದಿರುವುದಿಲ್ಲ. ಗಂಡು ಹಾರ್ಮೋನು ಹೆಚ್ಚಿ ಅಂಡ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಗದ್ದದ ಮೇಲೆ ಕೂದಲು, ಹೋಗದ ಮೊಡವೆ, ನೆತ್ತಿಯ ಕೂದಲು ತೆಳ್ಳಗಾಗುವುದು, ಕುತ್ತಿಗೆ ಕಪ್ಪಾಗುವುದು ಇದರ ಗುರುತುಗಳು. ತೆಳ್ಳಗಿರುವವರಿಗೂ ಬರುತ್ತದೆ.

'ಮದುವೆಯಾದರೆ ಎಲ್ಲ ಸರಿಹೋಗುತ್ತದೆ' ಎನ್ನುವ ಮಾತನ್ನು ನಂಬಬೇಡಿ. ಬಸಿರು ನಿಲ್ಲುವುದು ತಡವಾಗಬಹುದು, ಆದರೆ ಚಿಕಿತ್ಸೆ ಪಡೆದು ತಾಯಂದಿರಾದವರು ಬೇಕಾದಷ್ಟಿದ್ದಾರೆ. ಸೊಸೆಯನ್ನು ಬಂಜೆ ಎಂದು ಜರೆಯುವ ಬಾಯಿಗೆ ಇದು ತಿಳಿದಿರಲಿ. ಮಕ್ಕಳಾದ ಮೇಲೂ ಈ ತೊಂದರೆ ಮುಗಿಯುವುದಿಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಗೆ ದಾರಿಯಾಗುತ್ತದೆ. ತಿಂಗಳುಗಟ್ಟಲೆ ಮುಟ್ಟು ಬಾರದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗಿ, ಮುಂದೆ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಮನಸ್ಸು ಕುಗ್ಗುವುದೂ ಈ ಕಾಯಿಲೆಯ ಭಾಗವೇ, ನಿಮ್ಮ ಸೋಮಾರಿತನವಲ್ಲ.

ಮುಟ್ಟಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೈನೆರೆದ ಮೊದಲ ಒಂದೆರಡು ವರ್ಷ ಹೆಚ್ಚುಕಡಿಮೆ ಆಗುವುದು ಸಹಜ. ಆದರೆ 90 ದಿನ ದಾಟಿದರೂ ಬಾರದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇರುವುದೇ ಹದಿಹರೆಯದವರಿಗಾಗಿ. ರಕ್ತದಲ್ಲಿನ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ವೈದ್ಯರು ಕೊಟ್ಟ ಮಾತ್ರೆಯನ್ನು ನೆರೆಮನೆಯವರ ಮಾತು ಕೇಳಿ ಬಿಡಬೇಡಿ.

ಚಳ್ಳಕೆರೆಗೆ ಕಾಲೇಜಿಗೆ ಹೋಗುವವರು ಬೇಕರಿ ತಿಂಡಿ, ಬಣ್ಣದ ಪಾನೀಯ ಕಡಿಮೆ ಮಾಡಿ. ಸೊಪ್ಪು, ಕಾಳು, ನವಣೆ ಊಟದಲ್ಲಿರಲಿ. ದಿನಾ ಬಿರುಸಾಗಿ ನಡೆಯಿರಿ. ದಪ್ಪಗಿರುವವರು 100ಕ್ಕೆ 5 ಪಾಲು ತೂಕ ಇಳಿಸಿದರೂ ಎಷ್ಟೋ ಜನರಿಗೆ ಮುಟ್ಟು ಹದಕ್ಕೆ ಬರುತ್ತದೆ.

ಅಮ್ಮಂದಿರೇ, ಮಗಳು ಮುಟ್ಟಾದಳೇ ಎಂದು ಮೈಲಿಗೆಗಾಗಿ ಕೇಳುವುದನ್ನು ಬಿಟ್ಟು, ಅವಳ ಆರೋಗ್ಯಕ್ಕಾಗಿ ಕೇಳಿ.