ಮಿಕ್ಕ ಕಾಫಿ ಯಾರ ಪಾಲು?



ಅರಿಶಿನ ಕೀಳುವ ದಿನಗಳಲ್ಲಿ ನಮ್ಮ ತಾಳವಾಡಿ ಕಡೆಯ ಮನೆಗಳಲ್ಲಿ ಕಾಫಿಯನ್ನು ಲೋಟದ ಲೆಕ್ಕದಲ್ಲಿ ಕಾಸುವುದಿಲ್ಲ, ಪಾತ್ರೆಯ ಲೆಕ್ಕದಲ್ಲಿ ಕಾಸುತ್ತಾರೆ. ಹತ್ತು ಆಳು ಬರುತ್ತಾರೆಂದು ಕಾಸಿಟ್ಟರೆ ಏಳೇ ಮಂದಿ ಬಂದಿರುತ್ತಾರೆ. ಭಾನುವಾರವೂ ಹೀಗೆಯೇ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ನೀರು, ಔಷಧಿ ಬಿಟ್ಟು ಬೇರೇನನ್ನೂ ಸೇವಿಸಬಾರದೆಂಬ ನಿಯಮ ನೆನಪಾಗಿ, ಕಾಸಿದ ಕಾಫಿಯನ್ನು ಮುಚ್ಚಿಟ್ಟು ಪೂಜೆಗೆ ಬರುವವರುಂಟು. ಮರಳುವಷ್ಟರಲ್ಲಿ ಅದು ತಣ್ಣಗಾಗಿ ಕೆನೆ ಕಟ್ಟಿರುತ್ತದೆ. ಹಾಲು, ಸಕ್ಕರೆ, ಪುಡಿ ಮೂರೂ ಬೆಲೆಯುಳ್ಳವು; ಚೆಲ್ಲಲು ಮನಸ್ಸು ಬಾರದು.

ಮೊದಲು ನೋಡಬೇಕಾದದ್ದು ಹಾಲು ಬೆರೆತಿದೆಯೇ ಇಲ್ಲವೇ ಎಂಬುದು. ಹಾಲು ಬೆರೆತ ಕಾಫಿ ತಣ್ಣಗಾಗಿ ಎರಡು ಗಂಟೆ ಹೊರಗಿದ್ದರೆ, ಕಡು ಬೇಸಿಗೆಯಲ್ಲಿ ಒಂದೇ ಗಂಟೆ ಇದ್ದರೂ, ಅದನ್ನು ಕುಡಿಯುವುದು ಬೇಡ. ಮತ್ತೆ ಕುದಿಸಿದರಾಯಿತು ಎಂದು ಹಿರಿಯರು ಹೇಳುವರು. ಕುದಿಸಿದರೆ ರೋಗಾಣುಗಳು ಸಾಯಬಹುದು. ಆದರೆ ಕೆಲವು ರೋಗಾಣುಗಳು ಅಷ್ಟರಲ್ಲಿ ಹಾಲಿನಲ್ಲಿ ಬಿಟ್ಟಿರುವ ವಿಷ ಕುದಿಗೂ ಜಗ್ಗುವುದಿಲ್ಲ. ವಾಂತಿ ಭೇದಿಗೆ ಅಷ್ಟು ಸಾಕು. ಆದುದರಿಂದ ಡಿಕಾಕ್ಷನ್ ಬೇರೆ, ಹಾಲು ಬೇರೆ ಇಟ್ಟುಕೊಂಡು, ಆಳುಗಳು ಬಂದು ಕುಳಿತ ಮೇಲೆ ತಲೆ ಎಣಿಸಿ ಬೆರೆಸುವುದೇ ಜಾಣತನ. ಹಾಗೆ ಮಾಡಿದರೆ ಮಿಕ್ಕ ಹಾಲನ್ನು ಕಾಸಿ ಹೆಪ್ಪು ಹಾಕಬಹುದು, ಮಿಕ್ಕ ಡಿಕಾಕ್ಷನ್ನೂ ಉಳಿಯುತ್ತದೆ.

ನಾವು ಮನೆಗಳನ್ನು ಸಂದರ್ಶಿಸುವಾಗ ಗಮನಿಸಿರುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಮಿಕ್ಕ ಕಾಫಿ ಹೆಚ್ಚಾಗಿ ಮನೆಯ ತಾಯಿಯ ಇಲ್ಲವೇ ಸೊಸೆಯ ಪಾಲಾಗುತ್ತದೆ. ಗಂಡಸರು ಹೊಲಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಅದನ್ನೇ ಬಿಸಿ ಮಾಡಿ ಕುಡಿದು, ಹಸಿವು ಅಡಗಿತೆಂದು ಕೆಲಸಕ್ಕೆ ನಿಲ್ಲುತ್ತಾರೆ. ಹೊಟ್ಟೆಗೆ ಅನ್ನವೋ ಮುದ್ದೆಯೋ ಬೀಳುವುದು ಮಧ್ಯಾಹ್ನಕ್ಕೇ. ಕಾಫಿ ಹಸಿವನ್ನು ಮರೆಸೀತು, ತುಂಬಿಸದು. ಕಣ್ಣಿಗೆ ಕಾಣದ ಇನ್ನೊಂದು ಕೇಡೂ ಇದೆ. ಊಟದ ಜೊತೆಗೆ ಅಥವಾ ಊಟವಾದ ಒಂದು ಗಂಟೆಯೊಳಗೆ ಕಾಫಿ ಕುಡಿದರೆ ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಕಾಫಿಯಲ್ಲಿ ನುಂಗುವವರನ್ನೂ ನಾವು ಕಂಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿ. ನಿಂಬೆಹಣ್ಣಿನ ಪಾನಕದೊಂದಿಗೆ ನುಂಗಿದರೆ ಅದೇ ಮಾತ್ರೆ ಹೆಚ್ಚು ಫಲ ಕೊಡುತ್ತದೆ. ಬಸುರಿಯರಂತೂ ಮಿಕ್ಕದ್ದನ್ನು ಖಾಲಿ ಮಾಡುವ ಹೊಣೆ ಹೊರಬಾರದು. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸುವ ಬಸುರಿಯರು ಅದನ್ನು ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಫಿ ಆರಿದ ಮಾತ್ರಕ್ಕೆ ಕೆಫೀನ್ ಆರುವುದಿಲ್ಲ. ಮೇಲಾಗಿ ರೊಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಅತ್ತೆಯಂದಿರು ಇದನ್ನು ಗಮನಿಸಲಿ.

ಇನ್ನು ಹಾಲು, ಸಕ್ಕರೆ ಬೆರೆಸದ ಡಿಕಾಕ್ಷನ್. ಹೊರಗಿಟ್ಟದ್ದನ್ನು ಅಂದೇ ಮುಗಿಸಿ. ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಎರಡು ದಿನ ಬಳಸಬಹುದು. ಬೆಂಕಿಯ ಮೇಲಿಟ್ಟು ಕುದಿಸಿದರೆ ಕಹಿಯಾಗುತ್ತದೆ, ಬಿಸಿನೀರಿನ ಪಾತ್ರೆಯೊಳಗೆ ಲೋಟವನ್ನಿಟ್ಟು ಬೆಚ್ಚಗೆ ಮಾಡಿ. ಒಂದು ಲೋಟ ಡಿಕಾಕ್ಷನ್ನಿಗೆ ಒಂದು ಲೋಟ ಪುಡಿಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಪಾಕ ಬರುವವರೆಗೆ ಕಾಯಿಸಿದರೆ ರಾಗಿ ದೋಸೆಗೆ ಬಲು ರುಚಿ. ಬೆಲ್ಲದಲ್ಲಿ ಮಣ್ಣಿದ್ದರೆ ಸೋಸಿಕೊಳ್ಳಿ. ಕ್ರಿಸ್ಮಸ್ ಕೇಕಿನ ಹಿಟ್ಟು ಕಲಸುವಾಗ ಹಾಲಿನ ಬದಲು ಸ್ವಲ್ಪ ಡಿಕಾಕ್ಷನ್ ಸೇರಿಸಿದರೆ ಬಣ್ಣವೂ ಘಮವೂ ಚೆನ್ನಾಗಿ ಬರುತ್ತವೆ. ಇದು ಚಿಕ್ಕ ಮಕ್ಕಳ ಪಾನೀಯವಲ್ಲ. ಅವರಿಗೆ ಹಾಲನ್ನೇ ಕೊಡಿ.

ಕೆಟ್ಟ ಕಾಫಿಯನ್ನು ನಾಯಿಯ ತಟ್ಟೆಗೆ ಸುರಿಯುವ ಅಭ್ಯಾಸ ಹಲವು ಮನೆಗಳಲ್ಲಿದೆ. ಕೆಫೀನ್ ನಾಯಿಗೆ ವಿಷ. ಕರುಗಳಿಗಿಡುವ ಕಲಗಚ್ಚಿಗೂ ಅದನ್ನು ಸೇರಿಸಬೇಡಿ. ಗೊಬ್ಬರದ ಗುಂಡಿಯೇ ಅದಕ್ಕೆ ತಕ್ಕ ಸ್ಥಳ. ಹಾಲು ಸಕ್ಕರೆಯ ಕಾಫಿಯನ್ನು ಗಿಡದ ಬುಡಕ್ಕೆ ಹೊಯ್ದರೆ ಇರುವೆ, ನೊಣ, ನಾತ. ಬರಿಯ ಡಿಕಾಕ್ಷನ್ನಾದರೆ ನಾಲ್ಕು ಪಾಲು ನೀರು ಬೆರೆಸಿ ಬೆಳೆದ ಕರಿಬೇವಿನ ಗಿಡಕ್ಕೆ ಹಾಕಬಹುದು, ಆದರೆ ಅದರಿಂದ ಗೊಬ್ಬರದ ಫಲ ನಿರೀಕ್ಷಿಸಬೇಡಿ. ನಿಜವಾಗಿ ಬೆಲೆಯುಳ್ಳದ್ದು ನಾವು ದಿನವೂ ಎಸೆಯುವ ಚರಟ. ಒಣಗಿದ ಚರಟದಲ್ಲಿ 100ಕ್ಕೆ ಸುಮಾರು 2 ಪಾಲು ಸಾರಜನಕವಿದೆ. ಹಾಗೆಂದು ಹಸಿಯಾಗಿ ಬುಡಕ್ಕೆ ದಪ್ಪನೆ ಹರಡಿದರೆ ಹೆಕ್ಕಳಿಕೆಯಂತೆ ಗಟ್ಟಿಯಾಗಿ ನೀರು ಒಳಗಿಳಿಯುವುದಿಲ್ಲ. ಎಲೆಕೋಸು, ಟೊಮೇಟೊ ಒಟ್ಟಲುಪಾತಿಗೆ ಹಾಕಿದರೆ ಎಳೆಯ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ತರಗೆಲೆ, ಸಗಣಿ, ತರಕಾರಿ ಸಿಪ್ಪೆಯೊಂದಿಗೆ ಗುಂಡಿಗೆ ಹಾಕಿ. ಒಟ್ಟು ರಾಶಿಯಲ್ಲಿ ಚರಟ ಐದನೆಯ ಒಂದು ಪಾಲನ್ನು ಮೀರದಿರಲಿ. ರಾಶಿ ಕರಗಿ, ಕಪ್ಪಾಗಿ, ಕಾಫಿಯ ವಾಸನೆ ಹೋಗಿ ಮಣ್ಣಿನ ವಾಸನೆ ಬಂದ ಮೇಲೆ ತೆಗೆದು ಬಾಳೆಯ ಬುಡಕ್ಕೆ ಕೊಡಿ.