ಪದಾರ್ಥವು ಪ್ರಸಾದವಾಗುವ ಬಗೆ



ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವನ್ನು ಕುರಿತು ಈ ಪಾಠದಲ್ಲಿ ವಿಚಾರಿಸೋಣ. ‘ಪ್ರ’ ಎಂಬ ಉಪಸರ್ಗದೊಡನೆ ‘ಸದ್’ ಧಾತುವು ಕೂಡಿ ಹುಟ್ಟಿದ ಈ ಶಬ್ದಕ್ಕೆ ತಿಳಿಯಾಗುವಿಕೆ, ಪ್ರಸನ್ನತೆ ಎಂಬ ಅರ್ಥವುಂಟು. ಕದಡಿದ ನೀರು ನೆಲೆನಿಂತು ತಿಳಿಯಾಗುವಂತೆ ಕದಡಿದ ಮನಸ್ಸು ತಿಳಿಯಾಗಬೇಕು; ಅದು ಪ್ರಸಾದದ ಫಲ. ಅರ್ಪಣಕ್ಕೆ ಮುನ್ನ ಅನ್ನವು ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಬಳಿಕ ಅದೇ ಪ್ರಸಾದ. ಇಷ್ಟನ್ನು ನಮ್ಮ ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ಮನೆಯಲ್ಲಿರುವ ಪದಾರ್ಥವು ತನ್ನ ದುಡಿಮೆಯದಲ್ಲದಾಗ ಗೃಹಸ್ಥನು ಏನು ಮಾಡಬೇಕು? ಈ ಪ್ರಶ್ನೆಯನ್ನು ನನಗೆ ಹಾಕಿದವರು ಪಂಡಿತರಲ್ಲ, ಪೀಣ್ಯದ ಒಬ್ಬ ಕಾರ್ಮಿಕರು.

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ 1970ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಯಂತ್ರದ ಬಿಡಿಭಾಗಗಳನ್ನು ಕಡೆಯುವ ಸಣ್ಣ ಕಾರ್ಖಾನೆಗಳೂ ಸಿದ್ಧ ಉಡುಪಿನ ಕಾರ್ಖಾನೆಗಳೂ ಅಲ್ಲಿ ನೆರೆದಿವೆ. ಕಲಬುರಗಿ, ರಾಯಚೂರು, ಯಾದಗಿರಿಗಳ ಕಡೆಯಿಂದ ಬಂದವರು, ಬಿಹಾರ, ಒಡಿಶಾಗಳಿಂದ ಬಂದವರು ಲಗ್ಗೆರೆ, ದಾಸರಹಳ್ಳಿಗಳ ವಠಾರಗಳಲ್ಲಿ ಬಾಡಿಗೆಗಿದ್ದು ದುಡಿಯುತ್ತಾರೆ. 2020ನೆಯ ಇಸವಿ ಮಾರ್ಚ್ 25ರಂದು ಕೊರೊನಾ ರೋಗದ ನಿಮಿತ್ತ ದೇಶವೆಲ್ಲವೂ ಲಾಕ್‌ಡೌನ್‌ಗೆ ಒಳಗಾದಾಗ ಆ ಯಂತ್ರಗಳು ನಿಂತವು. ಮೊದಲು 21 ದಿನವೆಂದರು. ಅದು ಬೆಳೆಬೆಳೆದು ಮೇ 31ರವರೆಗೆ, ಒಟ್ಟು 68 ದಿನಗಳಷ್ಟಾಯಿತು. ದಿನಗೂಲಿಯವರಿಗೆ ಮೊದಲ ವಾರದಲ್ಲಿಯೇ ಕೈ ಬರಿದಾಯಿತು.

ನಮ್ಮ ಮಠದ ಶಾಲೆಯ ಒಬ್ಬ ಬಾಲಕನ ತಂದೆತಾಯಿಗಳು ಲಗ್ಗೆರೆಯಲ್ಲಿದ್ದರು. ಕಲಬುರಗಿಯ ಕಡೆಯವರು, ತಂದೆಗೆ ಲೇತಿನ ಕೆಲಸ, ತಾಯಿಗೆ ಹೊಲಿಗೆ. ಶಾಲೆ ಮುಚ್ಚಿ ಹುಡುಗನು ಮನೆ ಸೇರಿದ್ದನು. ಕ್ಷೇಮವನ್ನು ಕೇಳಲು ಏಪ್ರಿಲಿನಲ್ಲಿ ನಾನು ಫೋನು ಮಾಡಿದೆನು. ಬೀದಿಯಲ್ಲಿ ಅಕ್ಕಿ, ಬೇಳೆ, ಎಣ್ಣೆಗಳ ಕಿಟ್ಟು ಹಂಚುತ್ತಿದ್ದರಂತೆ. ಆ ತಂದೆ ಸಾಲಿನಲ್ಲಿ ನಿಲ್ಲಲು ಒಪ್ಪದೆ ತಾಯಿಯೇ ಹೋಗಿ ತಂದಿದ್ದಳು. ಆತ ಹೇಳಿದರು: “ಗುರುಗಳ, ದುಡದು ಉಂಡ ಕೈ ಇದು. ಈಗ ಸಾಲಿನಾಗ ನಿಂತು ತಂದದ್ದನ್ನ ಲಿಂಗಕ್ಕ ಹ್ಯಾಂಗ ಅರ್ಪಿಸಲಿ?”

ನಾನು ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ವಿವರಿಸಿದೆನು. ನಾನು ಕೊಟ್ಟೆನೆಂಬ ಭಾವವುಳ್ಳದ್ದು ದಾನ. ನಾನು ದಾಸನೆಂದು ತಿಳಿದು ಸಲ್ಲಿಸುವುದು ದಾಸೋಹ. ಆತ ತಾಳ್ಮೆಯಿಂದ ಕೇಳಿ, “ಅದು ಕೊಡಾವರ ಮಾತಾತ್ರಿ. ತಗೊಳ್ಳಾವರ ಮಾತು ಹೇಳ್ರಿ” ಎಂದರು. ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಯೋಚಿಸಿ ಹೇಳುವೆನೆಂದು ಫೋನಿಟ್ಟೆನು.

ಆಗ ನೆನಪಾದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಅವರು ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದವರು. ಅವರೂ ತಮ್ಮ ಊರನ್ನು ಬಿಟ್ಟು ಕಲ್ಯಾಣಕ್ಕೆ ಬಂದವರೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಪ್ರಸಿದ್ಧ. ಇಲ್ಲಿ ಗಮನಿಸಬೇಕಾದುದೇನು? ಆ ಅಕ್ಕಿ ಬೆಳೆದವರು ಬೇರೆ, ಅದು ಚೆಲ್ಲಿದ್ದು ಬೇರೆಯವರ ಅಂಗಳದಲ್ಲಿ. ಆದರೂ ಆಯುವ ಶ್ರಮದಿಂದಲೂ ಸಾಕೆಂಬ ಅರಿವಿನಿಂದಲೂ ಹಂಚಿ ಉಣ್ಣುವ ಭಾವದಿಂದಲೂ ಅದು ಶುದ್ಧವಾಯಿತು. ಪದಾರ್ಥವು ಎಲ್ಲಿಂದ ಬಂದಿತೆಂಬುದರಷ್ಟೇ ಅದು ನಮ್ಮ ಕೈಯಲ್ಲಿ ಏನಾಯಿತೆಂಬುದೂ ಮುಖ್ಯ.

ಇದನ್ನು ಹೇಳಬೇಕೆಂದು ವಾರದ ನಂತರ ಮತ್ತೆ ಫೋನು ಮಾಡಿದಾಗ, ಆ ಮನೆಯ ತಾಯಿ ಪಾಠವನ್ನು ಆಗಲೇ ನಡೆಸಿಬಿಟ್ಟಿದ್ದಳು. ಹುಡುಗನೇ ಎಲ್ಲವನ್ನೂ ಹೇಳಿದನು. ಮನೆಯಲ್ಲಿ ಊರಿನಿಂದ ತಂದ ಜೋಳದ ಹಿಟ್ಟು ಒಂದು ಡಬ್ಬಿಯಷ್ಟಿತ್ತು. ಗೋಡೆಗೆ ಒರಗಿ ಕುಳಿತಿದ್ದ ಗಂಡನಿಗೆ ಆಕೆ, “ಲೇತು ನಿಂತರ ಕಾಯಕ ನಿಂತಂಗೇನ್ರಿ? ಹಿಟ್ಟು ನಾದ್ರಿ” ಎಂದಳಂತೆ. ಜೋಳಕ್ಕೆ ಗೋಧಿಯಂತೆ ಸ್ವಾಭಾವಿಕವಾದ ಜಿಗುಟಿಲ್ಲ. ಕುದಿವ ಎಸರನ್ನು ಹೊಯ್ದು ಬಿಸಿಯಿರುವಾಗಲೇ ಚೆನ್ನಾಗಿ ನಾದಿದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದೆ, ಇಲ್ಲವಾದರೆ ಬಡಿಯುವಾಗ ಅಂಚು ಸೀಳುತ್ತದೆ. ಮೊದಲ ದಿನ ಆತನ ರೊಟ್ಟಿಗಳು ಹರಿದವು, ಮಗನು ನಕ್ಕನು, ತಂದೆಯೂ ನಕ್ಕರು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿತೆಂದು ಹುಡುಗನು ಹೇಳಿದನು. ರೊಟ್ಟಿ, ಶೇಂಗಾ ಹಿಂಡಿ, ಬೇಳೆಯ ಸಾರು ಲಿಂಗಾರ್ಪಿತವಾದವು. ಮೂವರೂ ಒಟ್ಟಿಗೆ ಕುಳಿತು ಉಂಡರು.

ಮರುವಾರ ಮತ್ತೆ ಕಿಟ್ಟು ಬಂದಿತು. ಆ ತಾಯಿ ಪಕ್ಕದ ಕೋಣೆಯ ಬಿಹಾರದ ಕುಟುಂಬವನ್ನು ತೋರಿಸಿ, “ನಮಗ ಈ ವಾರಕ್ಕ ಐತಿ, ಅವರಿಗೆ ಕೊಡ್ರಿ” ಎಂದಳು. ಭಾಷೆ ತಿಳಿಯದ ಅಂಜಿಕೆಯಿಂದ ಅವರು ಸಾಲಿಗೇ ಬಂದಿರಲಿಲ್ಲ. ಅಂದು ಸಂಜೆ ಅವರ ಮನೆಗೆ ಎರಡು ರೊಟ್ಟಿ ಹೋದವು. ಮರುದಿನ ಅಲ್ಲಿಂದ ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ ಸಾಸಿವೆಯೆಣ್ಣೆ, ಹಸಿಮೆಣಸಿನಕಾಯಿ ಬೆರೆಸಿದ ಚೋಖಾ ಬಂದಿತು. ಒಂದೇ ಗೋಡೆಯ ಎರಡು ಕಡೆಗಳಲ್ಲಿ ಎರಡು ವರ್ಷವಿದ್ದು ಹೆಸರನ್ನೂ ಅರಿಯದಿದ್ದವರು ಊಟದಿಂದ ನೆರೆಯವರಾದರು. ಪಡೆದವರೇ ಕೊಡುವವರಾದ ಮೇಲೆ ಆ ತಂದೆಯ ಪ್ರಶ್ನೆಗೆ ಬೇರೆ ಉತ್ತರವೇಕೆ?

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇದನ್ನು ಕೇಳಿ ಬಡತನವೇ ಒಳ್ಳೆಯದೆಂದಾಗಲಿ, ಹಸಿದವನಿಗೆ ಉಪದೇಶವೇ ಸಾಕೆಂದಾಗಲಿ ಯಾರೂ ತಿಳಿಯಬಾರದು. ಇದೇ ಹೆದ್ದಾರಿಯ ಮುಂದೆ ತುಮಕೂರಿನ ಬಳಿ ಸಿದ್ಧಗಂಗೆಯುಂಟು. 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅಲ್ಲಿ ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸಿದರು. ಆ ಮೂರರಲ್ಲಿ ಅನ್ನವು ಮೊದಲನೆಯದೆಂಬುದನ್ನು ಮರೆಯಬಾರದು.

ಆದಕಾರಣ ಗೃಹಸ್ಥರು ಈ ಮೂರನ್ನು ಅಭ್ಯಾಸ ಮಾಡತಕ್ಕದ್ದು. ಕಷ್ಟ ಬಂದಾಗ ಒಲೆಯ ಕೆಲಸವನ್ನು ಹೆಂಗಸರಿಗೇ ಬಿಡದೆ ಮನೆಯವರೆಲ್ಲರೂ ಕಾಯಕವೆಂದು ಹಂಚಿಕೊಳ್ಳುವುದು. ಅಂದಿಗೆ ಸಾಕಾದಷ್ಟನ್ನು ಸಂಕೋಚವಿಲ್ಲದೆ ಸ್ವೀಕರಿಸಿ, ಮಿಕ್ಕುದನ್ನು ಲೋಭವಿಲ್ಲದೆ ಬಿಡುವುದು. ಅರ್ಪಿಸಿದ ಅನ್ನದಲ್ಲಿ ಒಂದು ತುತ್ತಾದರೂ ಗೋಡೆಯಾಚೆಯವರಿಗೆ ಮುಟ್ಟುವಂತೆ ನೋಡಿಕೊಳ್ಳುವುದು. ಹೀಗೆ ನಡೆದಲ್ಲಿ ಕದಡಿದ ಮನಸ್ಸು ತಿಳಿಯಾಗುತ್ತದೆ, ಪದಾರ್ಥವು ಪ್ರಸಾದವಾಗುತ್ತದೆ.