ಫಾರ್ಮ್ಯಾಟ್ ಹೊಡೆಸುವ ಮೊದಲು

ನಾಲವಾರ, ವಾಡಿ, ಶಹಾಬಾದ್, ಸೇಡಂ ಕಡೆ ಮನೆಯ ಕಂಪ್ಯೂಟರ್ ಎರಡು ಸಲ ತಾನಾಗಿ ಬಂದ್ ಆದರೆ ಸಾಕು, ‘ಫಾರ್ಮ್ಯಾಟ್ ಹೊಡೆಸ್ರಿ’ ಎಂಬ ಸಲಹೆ ಬರುತ್ತದೆ. ಮಕ್ಕಳ ಅಂಕಪಟ್ಟಿ, ಮದುವೆಯ ಫೋಟೊ, ಹೊಲದ ಪಹಣಿ ಎಲ್ಲವೂ ಅಳಿಸಿಹೋಗುತ್ತವೆ. ಎಷ್ಟೋ ಸಲ ವಾರ ಕಳೆಯುವುದರೊಳಗೆ ಅದೇ ತೊಂದರೆ ಮತ್ತೆ ಹಾಜರ್. ಧೂಳು, ಕಾವು, ಏರಿಳಿಯುವ ಕರೆಂಟು ಇವು ಫಾರ್ಮ್ಯಾಟ್‌ಗೆ ಬಗ್ಗುವಂಥವಲ್ಲ. ನಮ್ಮ ಭಾಗದಲ್ಲಿ ಡ್ರೈವರ್‌ಗಿಂತ ಮೊದಲು ನೋಡಬೇಕಾದದ್ದು ಅವನ್ನೇ.

1. ಹೇಗೆ ಬಂದ್ ಆಯಿತು ಎಂಬುದನ್ನು ಗಮನಿಸಿ. ನೀಲಿ ಪರದೆ ಬಂದು ನಿಂತರೆ ವಿಂಡೋಸ್ ಒಂದು ತಪ್ಪನ್ನು ಕಂಡು ತಾನೇ ಕೆಲಸ ನಿಲ್ಲಿಸಿದೆ ಎಂದರ್ಥ. ಏನನ್ನೂ ತೋರಿಸದೆ ಫಕ್ಕನೆ ಆರಿಹೋದರೆ ಕರೆಂಟು, ಯಂತ್ರದೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಅಥವಾ ಕಾವಿನ ಮೇಲೆ ಸಂಶಯ ಪಡಿ. ಆಮೇಲೆ ‘ಇವೆಂಟ್ ವ್ಯೂವರ್’ ತೆರೆದು ಸಿಸ್ಟಮ್ ಲಾಗ್ ನೋಡಿ. ‘ಕರ್ನಲ್ ಪವರ್ 41’ ಎಂದಿದ್ದರೆ ಯಂತ್ರ ಸರಿಯಾಗಿ ಮುಚ್ಚದೆಯೇ ಮರುಚಾಲೂ ಆಗಿದೆ ಎಂಬ ದಾಖಲೆ ಅದು. ಕಾರಣ ಹೆಚ್ಚಾಗಿ ಅದರಲ್ಲಿ ಇರುವುದಿಲ್ಲ, ಯಂತ್ರ ಮತ್ತೆ ಚಾಲೂ ಆದ ಹೊತ್ತು ಇರುತ್ತದೆ. ಅದಕ್ಕೂ ಮುಂಚೆ ಬೀದಿಯಲ್ಲಿ ಕರೆಂಟ್ ಹೋಗಿತ್ತೇ ಎಂದು ನೆರೆಮನೆಯವರನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

2. ನೀಲಿ ಪರದೆಯ ಫೋಟೊ ತೆಗೆಯಿರಿ. ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಅದು ಕಪ್ಪು ಪರದೆ. ಕೆಳಗಿನ ‘ಸ್ಟಾಪ್ ಕೋಡ್’ ಮುಖ್ಯ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ರ‍್ಯಾಮ್‌ನಿಂದ ಶುರು ಮಾಡಿ. ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂದರೆ ಗ್ರಾಫಿಕ್ಸ್ ಭಾಗ ಹೊತ್ತಿಗೆ ಸರಿಯಾಗಿ ಉತ್ತರಿಸಲಿಲ್ಲ, ಮತ್ತೆ ಎಬ್ಬಿಸಲು ನೋಡಿದರೂ ಏಳಲಿಲ್ಲ ಎಂದು. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಬಂದರೆ ಡಿಸ್ಕ್, ಅದರ ಕೇಬಲ್, ಸ್ಟೋರೇಜ್ ಡ್ರೈವರ್ ಈ ಮೂರನ್ನು ನೋಡಬೇಕು. ಕೆಲವೊಮ್ಮೆ ಪರದೆಯಲ್ಲೇ ಒಂದು ಕಡತದ ಹೆಸರೂ ಇರುತ್ತದೆ. ಅದು ಯಾವ ಡ್ರೈವರ್‌ನದು ಎಂದು ಹುಡುಕಿದರೆ ದಾರಿ ಬೇಗ ಸಿಗುತ್ತದೆ.

3. ಧೂಳು ಮತ್ತು ಕಾವು. ಇಲ್ಲಿ ಅವಸರ ಬೇಡ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ಶಹಾಬಾದಿನಿಂದ ಚಿತ್ತಾಪುರದವರೆಗಿನ ಫರ್ಸಿ ಖಣಿ, ಪಾಲಿಶ್ ಯಂತ್ರಗಳು: ಈ ನೆಲದ ಗಾಳಿಯಲ್ಲೇ ಸುಣ್ಣಕಲ್ಲಿನ ಪುಡಿ ಇದೆ. ಅದು ಪ್ರೊಸೆಸರ್ ಮೇಲಿನ ಲೋಹದ ಎಸಳುಗಳ ನಡುವೆ ಕೂತು ಗಾಳಿ ಆಡದಂತೆ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ ಒಳಗಿನ ಪ್ರೊಸೆಸರ್ 95–100 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಆಗ ಅದು ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಕಾವು ತಗ್ಗದಿದ್ದರೆ ಸುಟ್ಟುಹೋಗಬಾರದೆಂದು ಆರಿಬಿಡುತ್ತದೆ. ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನ ಕೈಕೊಡುವ ಕಂಪ್ಯೂಟರ್‌ಗೆ ಬೇರೆ ರೋಗ ಹುಡುಕುವ ಮೊದಲು ಸಿಪಿಯು ಡಬ್ಬಿಯ ಪಕ್ಕದ ಬಾಗಿಲು ಬಿಚ್ಚಿ.

ಪ್ಲಗ್ ಕಿತ್ತು, ಅಂಗಳಕ್ಕೆ ತಂದು, ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಸುಮ್ಮನೆ ತಿರುಗಲು ಬಿಟ್ಟರೆ ಅದರ ಬೇರಿಂಗ್ ಹಾಳಾಗಬಹುದು. ಒದ್ದೆ ಬಟ್ಟೆ ತಾಗಿಸಲೇಬೇಡಿ, ನೀರು ಕಂಡ ಈ ಪುಡಿ ಗಟ್ಟಿಯಾಗಿ ಅಂಟುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ಕರೆಂಟು ಉಳಿದಿರುತ್ತದೆ. ವರ್ಷಗಟ್ಟಲೆ ಓಡಿದ ಯಂತ್ರವಾದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹೊಸದನ್ನು ಹಚ್ಚಿಸಿ, ಖರ್ಚು ಕಡಿಮೆ. ಡಬ್ಬಿಯನ್ನು ನೆಲದ ಮೇಲಿಡದೆ ಗೇಣುದ್ದ ಎತ್ತರದಲ್ಲಿಡಿ. ಧೂಳು ಬೀಳದಿರಲೆಂದು ಬಟ್ಟೆ ಹೊದಿಸುವುದು ಯಂತ್ರ ಆರಿದ ಮೇಲೆ ಮಾತ್ರ.

4. ಕರೆಂಟು. ಪಕ್ಕದಲ್ಲಿ ಕಲ್ಲು ಕೊಯ್ಯುವ ಮೋಟಾರು ಚಾಲೂ ಆದಾಗ ಬಲ್ಬು ಮಂಕಾಗುತ್ತದೆಯೇ ನೋಡಿ. ಬಲ್ಬು ತಾಳಿಕೊಳ್ಳುತ್ತದೆ, ಕಂಪ್ಯೂಟರ್ ತಾಳಿಕೊಳ್ಳದು. ಯುಪಿಎಸ್ ಇದ್ದೂ ಆರಿಹೋಗುತ್ತಿದ್ದರೆ ಅದರ ಬ್ಯಾಟರಿ ಮುಗಿದಿರಬೇಕು. ಎರಡು-ಮೂರು ವರ್ಷಕ್ಕೆ ಅದನ್ನು ಬದಲಿಸಲೇಬೇಕಾಗುತ್ತದೆ. ಡಬ್ಬಿ ಮುಟ್ಟಿದಾಗ ಕೈ ಜುಮ್ಮೆಂದರೆ ಕೂಡಲೇ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಫರ್ಸಿ ಬಂಡೆಯ ನೆಲದಲ್ಲಿ ಅರ್ಥಿಂಗ್ ಆಳಕ್ಕೆ ಇಳಿಯುವುದು ಕಷ್ಟ, ಬೇಸಿಗೆಯಲ್ಲಿ ಗುಂಡಿಯೂ ಒಣಗುತ್ತದೆ. ಇದು ಯಂತ್ರಕ್ಕಿಂತ ಮೊದಲು ಮಕ್ಕಳ ಜೀವದ ಪ್ರಶ್ನೆ.

5. ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಓಡಿಸಿ ನೋಡಿ. ವಿಂಡೋಸ್‌ನಲ್ಲೇ ‘ಮೆಮೊರಿ ಡಯಾಗ್ನಸ್ಟಿಕ್’ ಪರೀಕ್ಷೆಯೂ ಇದೆ.

6. ಈಗ ಡ್ರೈವರ್. ಸೇಡಂ ಬಜಾರಿನಲ್ಲಿ ತೆಲುಗು ವ್ಯಾಪಾರಿಗೂ ಕನ್ನಡದ ತೊಗರಿ ರೈತನಿಗೂ ನಡುವೆ ನಿಂತು ಎರಡೂ ಭಾಷೆ ಬಲ್ಲವನು ಮಾತು ದಾಟಿಸುವಂತೆ, ವಿಂಡೋಸ್‌ಗೂ ಪ್ರಿಂಟರಿಗೂ ನಡುವಿನ ಮಾತು ಡ್ರೈವರ್‌ನದು. ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತಿನ ಮೇಲೆ ಎರಡು ಸಲ ಒತ್ತಿದರೆ ಕೋಡ್ ಕಾಣುತ್ತದೆ. 28 ಎಂದರೆ ಡ್ರೈವರ್ ಹಾಕಿಯೇ ಇಲ್ಲ. 10 ಎಂದರೆ ಸಾಧನ ಶುರುವಾಗುತ್ತಿಲ್ಲ. 43 ಎಂದರೆ ಸಾಧನವೇ ತನಗೆ ತೊಂದರೆ ಇದೆ ಎಂದು ತಿಳಿಸಿದೆ. ಕೇಬಲ್ ಬದಲಿಸಿ, ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿ ನೋಡಿದ ಮೇಲಷ್ಟೇ ಡ್ರೈವರ್ ಮುಟ್ಟಿ.

7. ತೊಂದರೆ ಶುರುವಾದ ದಿನ ಏನು ಬದಲಾಯಿತು? ‘ರಿಲಯಬಿಲಿಟಿ ಮಾನಿಟರ್’ ಇದನ್ನು ದಿನವಾರು ತೋರಿಸುತ್ತದೆ. ಹೊಸ ಡ್ರೈವರ್ ಬಂದ ದಿನವೇ ಕಾಟ ಶುರುವಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದೇ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು, ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಅದನ್ನು ಸರಿಪಡಿಸಿದ ದಾರಿ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಕಡತ ಅಳಿಸಿದರೆ ಯಂತ್ರ ಎದ್ದು ಕೂರುತ್ತಿತ್ತು.

8. ಸೇಫ್ ಮೋಡ್ ನಿಮಗೂ ಸಿಗುತ್ತದೆ. ಶಿಫ್ಟ್ ಕೀ ಹಿಡಿದು ರೀಸ್ಟಾರ್ಟ್ ಒತ್ತಿ, ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ದಾಟಿ ಮತ್ತೆ ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದಾಗ 4 ಒತ್ತಿ. ಅಲ್ಲಿ ಅಗತ್ಯದ ಡ್ರೈವರ್‌ಗಳು ಮಾತ್ರ ಓಡುತ್ತವೆ. ಯಂತ್ರ ಅಲ್ಲಿ ಸರಿಯಾಗಿ ಓಡಿ ಹೊರಗೆ ಬಂದಾಗ ಬಂದ್ ಆದರೆ ಹೆಚ್ಚಾಗಿ ತಪ್ಪು ಡ್ರೈವರ್‌ನದು ಅಥವಾ ಹೊಸದಾಗಿ ಹಾಕಿದ ತಂತ್ರಾಂಶದ್ದು.

9. ಡ್ರೈವರನ್ನು ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ತಯಾರಿಸಿದವರ ತಾಣದಿಂದ, ಇಲ್ಲವೇ ವಿಂಡೋಸ್ ಅಪ್‌ಡೇಟ್‌ನಿಂದ ಮಾತ್ರ ತನ್ನಿ. ‘ಎಲ್ಲ ಡ್ರೈವರ್ ಉಚಿತ’ ಎನ್ನುವ ತಂತ್ರಾಂಶಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ, ಅವು ಬರುವಾಗ ಬೇಡದ್ದನ್ನೂ ಜೊತೆಗೆ ತರುತ್ತವೆ. ವೈಫೈ ಡ್ರೈವರೇ ಇಲ್ಲದೆ ಇಂಟರ್ನೆಟ್ ನಿಂತಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿ. ಸಾಮಾನ್ಯವಾಗಿ ಅದಕ್ಕೆ ಬೇರೆ ಡ್ರೈವರ್ ಬೇಕಾಗುವುದಿಲ್ಲ.

10. ಕೊನೆಗೆ ಅಂಗಡಿಗೆ ಒಯ್ಯಲೇಬೇಕಾದರೆ ಮೊದಲು ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದ ಪತ್ರಗಳಿದ್ದರೆ ಆ ಫಾಂಟುಗಳನ್ನೂ ನಕಲಿಸಿ, ಇಲ್ಲದಿದ್ದರೆ ಹೊಸ ಯಂತ್ರದಲ್ಲಿ ಅಕ್ಷರಗಳ ಬದಲು ಬರೀ ಚಿಹ್ನೆಗಳು ಕಾಣುತ್ತವೆ. ಯಂತ್ರ ತೆರೆಯುತ್ತಲೇ ಇಲ್ಲವಾದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಕಡತ ತೆಗೆದುಕೊಡಲು ಅಂಗಡಿಯವರಿಗೆ ಹೇಳಿ. ಸ್ಟಾಪ್ ಕೋಡ್‌ನ ಫೋಟೊ ತೋರಿಸಿ, ಯಾವಾಗ, ಏನು ಮಾಡುವಾಗ ಬಂದ್ ಆಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಡಿ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ವಾಪಸ್ ಪಡೆಯಿರಿ.